ಟಾಟಾ ಇನ್‌ಸ್ಟಿಟ್ಯೂಟ್ ಯಾರದು? ಜಮ್‌ಷೆಡ್‌ಜಿ ಕೊಟ್ಟಿದ್ದರ ಬಗ್ಗೆ ಒಂದು ಮಾತುಕತೆ

ಬಸ್ಸಿನ ಕಿಟಕಿ

ಎಲ್ಲರಿಗೂ ನಮಸ್ಕಾರ. ದಿನಾ ಮಗನನ್ನು ಶಾಲೆಗೆ ಬಿಡಲು ಯಶವಂತಪುರದ ಕಡೆ ಹೋಗುತ್ತೇನೆ. ಕಂಡಕ್ಟರ್ "ಟಾಟಾ ಇನ್‌ಸ್ಟಿಟ್ಯೂಟ್ ಯಾರ್ರೀ ಇಳಿಯೋರು" ಅಂತ ಕೂಗುತ್ತಾರೆ. ನೆನ್ನೆ ಮಗ ಗೇಟಿನ ಮೇಲಿನ ಬೋರ್ಡ್ ಓದಿ ಕೇಳಿದ: "ಅಮ್ಮಾ, ಇಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಂತ ಇದೆ. ಟಾಟಾ ಅಂತ ಎಲ್ಲೂ ಇಲ್ಲ. ಇದು ಟಾಟಾ ಕಂಪನಿಯದ್ದಾ?"

ಅಲ್ಲ ಅಂತ ಗೊತ್ತು. ಹಾಗಿದ್ದರೆ ಯಾರದು, ಟಾಟಾ ಹೆಸರು ಯಾಕೆ ಬಂತು ಅಂತ ನೆಟ್ಟಗೆ ಹೇಳಲು ಬರಲಿಲ್ಲ. ಅವರು ಹಣ ಕೊಟ್ಟರು ಅನ್ನುವಷ್ಟು ಮಾತ್ರ ಗೊತ್ತಿತ್ತು. ಎಷ್ಟು ಕೊಟ್ಟರು, ಯಾಕೆ ಕೊಟ್ಟರು, ಬೊಂಬಾಯಿಯವರು ಬೆಂಗಳೂರಿಗೆ ಯಾಕೆ ಕೊಟ್ಟರು? ತಿಳಿದವರು ಹೇಳಿ. ಮಗುವಿಗೆ ಹೇಳಬೇಕು, ಹಾಗಾಗಿ ನಿಜ ಇದ್ದಷ್ಟೇ ಸಾಕು.

ಹಳೇ ಕಡತ

ಒಳ್ಳೆಯ ಪ್ರಶ್ನೆ ಮೇಡಂ. ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಜಮ್‌ಷೆಡ್‌ಜಿ ನಸರ್‌ವಾನ್‌ಜಿ ಟಾಟಾ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ಅಪ್ಪ ಪೌರೋಹಿತ್ಯ ಬಿಟ್ಟು ಬೊಂಬಾಯಿಗೆ ಹೋಗಿ ವ್ಯಾಪಾರ ಹಿಡಿದರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ 1858ರಲ್ಲಿ ಓದು ಮುಗಿಸಿದ. 1868ರಲ್ಲಿ 21,000 ರೂಪಾಯಿ ಬಂಡವಾಳ ಹಾಕಿ ಸ್ವಂತ ವ್ಯಾಪಾರ ಶುರು ಮಾಡಿದ. ಮರುವರ್ಷ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿ ಕೊಂಡು ಅದನ್ನು ಹತ್ತಿ ಗಿರಣಿ ಮಾಡಿದ. ಆಮೇಲೆ ನಾಗಪುರದಲ್ಲಿ ಎಂಪ್ರೆಸ್ ಮಿಲ್. 1877ರ ಜನವರಿ 1ರಂದು ಅದು ಶುರುವಾಯಿತು. ಇವರ ಹೆಸರು ನಿಂತದ್ದೇ ಆ ಗಿರಣಿಯಿಂದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 1890ರ ದಶಕದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಕೆಲಸ ಮಾಡುತ್ತಿದ್ದವು. ವಿಜ್ಞಾನದಲ್ಲಿ ಹೊಸದನ್ನು ಹುಡುಕಬೇಕು ಅನ್ನುವ ಹುಡುಗ ಹಡಗು ಹತ್ತಲೇಬೇಕು. ಸಂಶೋಧನೆಗೆ ಇಲ್ಲೇ ಒಂದು ಜಾಗ ಬೇಕು ಅಂತ ಜಮ್‌ಷೆಡ್‌ಜಿ ಹಟ ಹಿಡಿದರು. ಬರ್ಜೋರ್‌ಜಿ ಪಾದ್‌ಷಾ ಅನ್ನುವವರನ್ನು ಯುರೋಪಿನ ಸಂಸ್ಥೆಗಳನ್ನು ನೋಡಿ ಬರಲು ಕಳಿಸಿದರು. 1898ರ ಡಿಸೆಂಬರ್ 31ರಂದು ಹೊಸ ವೈಸರಾಯ್ ಕರ್ಜನ್ ಮುಂದೆ ಯೋಜನೆ ಇಟ್ಟರು. ಜೊತೆಗೆ ಬೊಂಬಾಯಿಯ ತಮ್ಮ ಕಟ್ಟಡಗಳು, ಜಮೀನು ಸೇರಿ 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಅದಕ್ಕೆ ಕೊಡುವುದಾಗಿ ಹೇಳಿದರು.

ಕರ್ಜನ್‌ಗೆ ನಂಬಿಕೆ ಬರಲಿಲ್ಲ. ಇಷ್ಟು ದೊಡ್ಡ ಓದಿಗೆ ವಿದ್ಯಾರ್ಥಿಗಳು ಸಿಗುತ್ತಾರಾ, ಓದಿದವರಿಗೆ ಕೆಲಸ ಇದೆಯಾ ಅನ್ನುವ ಅನುಮಾನ. ಸರ್ಕಾರ ಲಂಡನ್ನಿನ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಅವರನ್ನು ಕರೆಸಿತು. ಅವರು ದೇಶ ಸುತ್ತಿ ಬೆಂಗಳೂರು ಒಳ್ಳೆಯ ಜಾಗ ಅಂದರು. ಆಮೇಲೆ ಇನ್ನೊಂದು ಸಮಿತಿ, ಇನ್ನಷ್ಟು ಪತ್ರ, ಇನ್ನಷ್ಟು ವರ್ಷ.

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್‌ಷೆಡ್‌ಜಿ ತೀರಿಕೊಂಡರು. ಆಗ ಸಂಸ್ಥೆಯ ಒಂದು ಇಟ್ಟಿಗೆಯೂ ಎದ್ದಿರಲಿಲ್ಲ.

ಸರ್ಕಾರದ ಅಂತಿಮ ಆದೇಶ ಬಂದದ್ದು 1909ರ ಮೇ 27ರಂದು. ಇಲ್ಲಿ ನನಗೆ ಯಾವಾಗಲೂ ಕಾಡುವ ಒಂದು ವಿಷಯ ಇದೆ. ಯಜಮಾನ ಸತ್ತಾಗ ಅರ್ಜಿ ಇನ್ನೂ ಸರ್ಕಾರದ ಮೇಜಿನ ಮೇಲೇ ಇತ್ತು. ಮಕ್ಕಳಾದ ದೊರಾಬ್‌ಜಿ, ರತನ್‌ಜಿ "ಅಪ್ಪ ಏನೋ ಅಂದಿದ್ದರು" ಅಂತ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅಪ್ಪ ಒಪ್ಪಿಕೊಂಡದ್ದನ್ನು ಕೊಟ್ಟರು.

ಹೆಸರಿನ ವಿಷಯ. ಸಂಸ್ಥೆಗೆ ತಮ್ಮ ಹೆಸರು ಇಡುವುದು ಜಮ್‌ಷೆಡ್‌ಜಿ ಅವರಿಗೆ ಬೇಕಿರಲಿಲ್ಲ. ಒಬ್ಬರ ಹೆಸರಿದ್ದರೆ ಬೇರೆಯವರು ಕೊಡಲು ಹಿಂದೆ ಸರಿಯುತ್ತಾರೆ, ಇದು ದೇಶದ್ದಾಗಬೇಕು ಅನ್ನುವ ಯೋಚನೆ. ಬೋರ್ಡಿನಲ್ಲಿ ಹೆಸರು ಬರಲಿಲ್ಲ. ಊರಿನ ಜನ ಮಾತ್ರ ಬಿಡಲಿಲ್ಲ. ನಿಮ್ಮ ಕಂಡಕ್ಟರ್ ಕೂಗುವುದು ಅದನ್ನೇ.

ಲೆಕ್ಕದ ಮೇಷ್ಟ್ರು

ಕಡತದವರೇ, ಚೆನ್ನಾಗಿ ಹೇಳಿದಿರಿ. ಅಂಕಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲದಿದ್ದರೆ ಯಾರಾದರೂ ಆ ಪ್ರಸಿದ್ಧ ಪಟ್ಟಿಯನ್ನು ಇಲ್ಲಿಗೆ ತಂದೇ ತರುತ್ತಾರೆ.

2021ರಲ್ಲಿ ಒಂದು ಪಟ್ಟಿ ಬಂತು. ಕಳೆದ ನೂರು ವರ್ಷದ ಅತಿ ದೊಡ್ಡ ದಾನಿ ಜಮ್‌ಷೆಡ್‌ಜಿ, ಬಿಲ್ ಗೇಟ್ಸ್‌ಗಿಂತಲೂ ಮೇಲೆ, ಮೊತ್ತ 10,240 ಕೋಟಿ ಡಾಲರ್ ಅಂತ. ವಾಟ್ಸಾಪಿನಲ್ಲಿ ಓಡಾಡಿತು. ಓದಿದವರೆಲ್ಲ ಅಷ್ಟು ಹಣವನ್ನು ಅವರೇ ಕೈಯಾರೆ ಹಂಚಿದರು ಅಂದುಕೊಂಡರು. ಹಾಗಲ್ಲ.

ಅವರು 1904ರಲ್ಲೇ ಹೋದರು. ಆ ಮೊತ್ತದ ಬಹುಪಾಲು ಟಾಟಾ ಸನ್ಸ್, ಅಂದರೆ ಟಾಟಾ ಕಂಪನಿಗಳ ತಾಯಿ ಕಂಪನಿಯ ಷೇರುಗಳ ಈಗಿನ ಬೆಲೆ. ಆ ಷೇರುಗಳನ್ನು ದತ್ತಿಗೆ ಬರೆದುಕೊಟ್ಟವರು ಮುಖ್ಯವಾಗಿ ಮಕ್ಕಳು. ರತನ್‌ಜಿ 1918ರಲ್ಲಿ ತೀರಿಕೊಂಡರು, ಅವರ ಹೆಸರಿನ ಟ್ರಸ್ಟ್ 1919ರಲ್ಲಿ ಬಂತು. ದೊರಾಬ್‌ಜಿ ಟ್ರಸ್ಟ್ 1932ರದ್ದು. ಇಬ್ಬರಿಗೂ ಮಕ್ಕಳಿರಲಿಲ್ಲ. ಇವತ್ತು ಟಾಟಾ ಸನ್ಸ್‌ನ ಶೇಕಡಾ 66ರಷ್ಟು ಟಾಟಾ ಟ್ರಸ್ಟ್‌ಗಳ ಕೈಯಲ್ಲಿದೆ. ಕಂಪನಿಗಳ ಲಾಭದಲ್ಲಿ ಒಂದು ಪಾಲು ಟಾಟಾ ಸನ್ಸ್‌ಗೆ ಬರುತ್ತದೆ. ಅದು ಹಂಚುವ ಡಿವಿಡೆಂಡ್‌ನಲ್ಲಿ ದೊಡ್ಡ ಪಾಲು ಟ್ರಸ್ಟ್‌ಗೆ ಹೋಗುತ್ತದೆ. ಅಲ್ಲಿಂದ ಆಸ್ಪತ್ರೆ, ಶಾಲೆ, ನೀರು, ಹಳ್ಳಿಯ ಕೆಲಸ.

ಈ ಏರ್ಪಾಡು ನನಗೆ ಆ ಡಾಲರ್ ಅಂಕಿಗಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಸಲ ಕೊಟ್ಟ ಹಣ ಒಂದು ದಿನ ಮುಗಿಯುತ್ತದೆ. ಇಲ್ಲಿ ಮರವನ್ನೇ ಕೊಟ್ಟಿದ್ದಾರೆ, ಪ್ರತಿ ವರ್ಷ ಹಣ್ಣು ಬರುತ್ತದೆ. ಜಮ್‌ಷೆಡ್‌ಜಿ ಅವರ 30 ಲಕ್ಷದ ತೂಕ ಬೇರೆ. ಅದು ಅವರು ಬದುಕಿದ್ದಾಗ, ತಮ್ಮ ಸ್ವಂತ ಆಸ್ತಿಯಿಂದ ಎತ್ತಿಟ್ಟದ್ದು. ಆಗಿನ ಅವರ ಸಂಪತ್ತಿನ ಸುಮಾರು ಅರ್ಧ ಅಂತ ಹೇಳುತ್ತಾರೆ.

ತಿಪಟೂರು ತೆಂಗು

ನಾನು ಸ್ವಲ್ಪ ಖಾರವಾಗಿ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ಅವರು 30 ಲಕ್ಷ ತೆಗೆದಿಟ್ಟ ವರ್ಷಗಳನ್ನು ನೋಡಿ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. 1898ರಲ್ಲಿ ಅದು ಬೆಂಗಳೂರಿಗೂ ಬಂತು. 1896-97ರಲ್ಲಿ ಬರಗಾಲ, 1899-1900ರಲ್ಲಿ ಮತ್ತೆ ಬರಗಾಲ. ಜನ ಹುಳಗಳ ಹಾಗೆ ಸಾಯುತ್ತಿದ್ದರು. ಆ ಹೊತ್ತಿನಲ್ಲಿ ದೇಶದ ದೊಡ್ಡ ಸಾಹುಕಾರರೊಬ್ಬರು ಪದವಿ ಮುಗಿಸಿದ ಕೆಲವೇ ಹುಡುಗರಿಗೆ ಪ್ರಯೋಗಾಲಯ ಕಟ್ಟಲು ಹೊರಟರು.

ಅವರೇ ಹೇಳಿದ್ದೂ ಇದೆಯಲ್ಲ. ದೇಶವನ್ನು ಮುಂದೆ ತರುವುದು ತೀರಾ ಬಲಹೀನರನ್ನು ಎತ್ತಿ ಹಿಡಿಯುವುದಕ್ಕಿಂತ, ಎಲ್ಲರಿಗಿಂತ ಚುರುಕಾದವರನ್ನು ಮೇಲೆತ್ತುವುದು ಅನ್ನುವ ಅರ್ಥದ ಮಾತು. ನನ್ನ ಅಜ್ಜಿ ಗಂಜಿ ಕೇಂದ್ರದ ಕಥೆ ಹೇಳುತ್ತಿದ್ದರು, ಅವರ ಅಮ್ಮನಿಂದ ಕೇಳಿದ್ದು. ಅದನ್ನು ಕೇಳಿ ಬೆಳೆದವನಿಗೆ ಈ ಮಾತು ಒಪ್ಪಲು ಕಷ್ಟ. ಹೊಟ್ಟೆಗಿಲ್ಲದವನಿಗೆ ವಿಜ್ಞಾನ ಏನು ಮಾಡುತ್ತದೆ?

ನಾಗಪುರದಲ್ಲಿದ್ದವಳು

ತೆಂಗು ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅವರ ಒಂದು ಮಾತಿನಿಂದ ಮನುಷ್ಯನನ್ನು ಅಳೆಯುವ ಮೊದಲು ಅವರ ಗಿರಣಿ ನೋಡಬೇಕು. ಯಜಮಾನರ ಕೆಲಸಕ್ಕಾಗಿ ಹನ್ನೊಂದು ವರ್ಷ ನಾಗಪುರದಲ್ಲಿದ್ದೆ. ಎಂಪ್ರೆಸ್ ಮಿಲ್ಲಿನ ಹೆಸರು ಅಲ್ಲಿ ಹಳಬರ ಬಾಯಲ್ಲಿ ಇನ್ನೂ ಇದೆ.

ಆಗಿನ ಹತ್ತಿ ಗಿರಣಿ ಅಂದರೆ ಒಳಗೆ ಕುದಿಯುವ ಸೆಕೆ, ಮೂಗಿನ ತುಂಬ ಹತ್ತಿಯ ದೂಳು, ಯಾವಾಗ ಬೆಂಕಿ ಹತ್ತುತ್ತದೋ ಅನ್ನುವ ಭಯ. ಇವರು ಗಾಳಿಯಲ್ಲಿ ತೇವ ಇಡುವ ಯಂತ್ರ ಹಾಕಿಸಿದರು, ಬೆಂಕಿ ಬಿದ್ದರೆ ಮೇಲಿಂದ ನೀರು ಚಿಮ್ಮುವ ಏರ್ಪಾಡು ಮಾಡಿಸಿದರು. ತೇವ ಇದ್ದರೆ ನೂಲು ಕಡಿಯುವುದು ಕಡಿಮೆ, ಹಾಗಾಗಿ ಅದರಲ್ಲಿ ಗಿರಣಿಯ ಲಾಭವೂ ಇತ್ತು. ಇರಲಿ, ಕೂಲಿಯವನಿಗೂ ಉಸಿರಾಡಲು ಸಿಕ್ಕಿತು. 1886ರಲ್ಲಿ ಪಿಂಚಣಿ ನಿಧಿ ಮಾಡಿದರು. 1895ರಲ್ಲಿ ಕೆಲಸದ ಹೊತ್ತಿನ ಅಪಘಾತಕ್ಕೆ ಪರಿಹಾರ ಕೊಡಲು ಶುರು ಮಾಡಿದರು. ನಮ್ಮ ದೇಶದಲ್ಲಿ ಕಾರ್ಮಿಕರ ಪರಿಹಾರದ ಕಾನೂನು ಬಂದದ್ದು 1923ರಲ್ಲಿ.

ನಮ್ಮಪ್ಪ ಒಂದು ಕಾರ್ಖಾನೆಯಲ್ಲಿದ್ದರು, ಹೆಸರು ಬೇಡ. ಎರಡು ಬೆರಳು ಹೋದವು. ಪರಿಹಾರಕ್ಕೆ ನಾಲ್ಕು ವರ್ಷ ಅಲೆದರು. ಕಾನೂನು ಇದ್ದ ಕಾಲದಲ್ಲೇ ಹೀಗೆ. ಕಾನೂನು ಇಲ್ಲದ ಕಾಲದಲ್ಲಿ ಒಬ್ಬ ಮಾಲೀಕ ತಾನಾಗಿ ಕೊಟ್ಟ ಅಂದರೆ ನನಗೆ ಅದು ಸಣ್ಣ ವಿಷಯ ಅಲ್ಲ. ದಾನದ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ. ಸೇರಿಸಬೇಕು ಅನ್ನಿಸುತ್ತದೆ.

ಲೆಕ್ಕದ ಮೇಷ್ಟ್ರು

ಅಕ್ಕಾ, ಕೊನೆಯ ಮಾತಿಗೆ ನನ್ನ ಸಣ್ಣ ತಕರಾರು. ಕೂಲಿಯವನ ಪಿಂಚಣಿ ದಾನ ಅಲ್ಲ, ಅದು ಅವನು ದುಡಿದದ್ದು. ಅದನ್ನು ದಾನ ಅಂತ ಕರೆದರೆ ನಿಮ್ಮಪ್ಪನ ಪರಿಹಾರವೂ ಯಾರದೋ ದೊಡ್ಡ ಮನಸ್ಸಿನ ಮೇಲೆ ನಿಲ್ಲುತ್ತದೆ, ಅಲ್ವಾ?

ಮಗುವಿಗೆ ನಿಜ ಹೇಳಬೇಕು ಅಂದಿದ್ದೀರಿ ಮೇಡಂ. ಹಾಗಾದರೆ ಹಣ ಎಲ್ಲಿಂದ ಬಂತು ಅನ್ನುವುದೂ ಬರಬೇಕು. 1859ರಲ್ಲಿ ಹುಡುಗ ಜಮ್‌ಷೆಡ್‌ಜಿಯನ್ನು ಅಪ್ಪ ಹಾಂಗ್‌ಕಾಂಗ್‌ಗೆ ಕಳಿಸಿದರು. ಅಲ್ಲಿನ ವ್ಯಾಪಾರ ಹತ್ತಿಯದ್ದು, ಜೊತೆಗೆ ಅಫೀಮಿನದ್ದು. ಆ ಕಾಲದ ಬೊಂಬಾಯಿಯ ಅನೇಕ ವ್ಯಾಪಾರಿ ಮನೆಗಳು ಚೀನಾಕ್ಕೆ ಅಫೀಮು ಮಾರಿಯೇ ಬೆಳೆದವು. ಬ್ರಿಟಿಷ್ ಕಾನೂನಿನ ಪ್ರಕಾರ ತಪ್ಪಿರಲಿಲ್ಲ. ಅದನ್ನು ಸೇದಿ ಹಾಳಾದ ಚೀನಾದ ಮನೆಗಳಿಗೆ ಆ ಕಾನೂನಿನಿಂದ ಏನೂ ಆಗಲಿಲ್ಲ.

ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಟಾಟಾ ಮನೆಯವರೂ ಬಿದ್ದರು. ಮತ್ತೆ ಎದ್ದದ್ದು 1868ರಲ್ಲಿ. ಅಬಿಸೀನಿಯಾಕ್ಕೆ (ಈಗಿನ ಇಥಿಯೋಪಿಯಾ) ಹೊರಟ ಬ್ರಿಟಿಷ್ ಸೈನ್ಯಕ್ಕೆ ಸಾಮಾನು ಒದಗಿಸುವ ಗುತ್ತಿಗೆಯಲ್ಲಿ ಅಪ್ಪನಿಗೆ ಪಾಲಿತ್ತು, ಒಳ್ಳೆಯ ಲಾಭ ಬಂತು. ಅಂದರೆ ಗಿರಣಿಗಳಿಗಿಂತ ಮೊದಲಿನ ಹಣದಲ್ಲಿ ಯುದ್ಧವೂ ಇದೆ, ಅಫೀಮೂ ಇದೆ.

ಇದನ್ನು ಹೇಳಿ ಅವರನ್ನು ಕೆಳಗಿಳಿಸಬೇಕು ಅಂತ ನನಗಿಲ್ಲ. ದೊಡ್ಡವರ ಕಥೆಯನ್ನು ತೊಳೆದು ಬಿಳಿ ಮಾಡಿ ಮಕ್ಕಳಿಗೆ ಕೊಟ್ಟರೆ, ಅವರು ದೊಡ್ಡವರಾದ ಮೇಲೆ ಪೂರ್ತಿ ಕಥೆ ಸಿಕ್ಕಾಗ ನಮ್ಮನ್ನೇ ನಂಬುವುದಿಲ್ಲ.

ರೇಷ್ಮೆ ಗೂಡು

ನಾನು ಶಿಡ್ಲಘಟ್ಟದ ಕಡೆಯವನು. ಮನೆಯಲ್ಲಿ ಮೂರು ತಲೆಮಾರಿನಿಂದ ಹುಳು ಸಾಕುತ್ತೇವೆ. ಎಲ್ಲರೂ ಇನ್‌ಸ್ಟಿಟ್ಯೂಟ್ ಬಗ್ಗೆಯೇ ಹೇಳುತ್ತಿದ್ದೀರಿ. ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಬಸವನಗುಡಿ ಕಡೆ, ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಜಾಗ ಇದೆ, ಗೊತ್ತಲ್ವಾ? ಹೆಸರು ಇನ್ನೂ ಉಳಿದಿದೆ, ಹಿಪ್ಪುನೇರಳೆ ತೋಟ ಮಾತ್ರ ಇಲ್ಲ.

ಅದನ್ನು ಮಾಡಿಸಿದ್ದು ಜಮ್‌ಷೆಡ್‌ಜಿ. 1893ರಲ್ಲಿ ಅವರು ಜಪಾನಿಗೆ ಹೋಗಿದ್ದರು. ಅಲ್ಲಿನವರು ಹುಳು ನೋಡಿಕೊಳ್ಳುವ ರೀತಿ, ನೂಲು ತೆಗೆಯುವ ರೀತಿ ಅವರಿಗೆ ಹಿಡಿಸಿತು. ನಮ್ಮ ಮೈಸೂರು ಸೀಮೆಯಲ್ಲಿ ರೇಷ್ಮೆ ಟಿಪ್ಪು ಕಾಲದಿಂದ ಇತ್ತು. ಆ ಹೊತ್ತಿಗೆ ಹುಳಕ್ಕೆ ರೋಗ ಬಿದ್ದು ಕಸುಬು ಸೊರಗಿತ್ತು. ಜಪಾನಿನಿಂದಲೇ ತಿಳಿದವರನ್ನು ಕರೆಸಿ ಇಲ್ಲಿ ಫಾರ್ಮ್ ಶುರು ಮಾಡಿಸಿದರು. ಮೈಸೂರು ಸರ್ಕಾರ ಜಾಗ ಕೊಟ್ಟಿತು, ವರ್ಷಕ್ಕಿಷ್ಟು ಅಂತ ಹಣವನ್ನೂ ಕೊಟ್ಟಿತು. ಅಲ್ಲಿ ಬಂದು ಕಲಿಯಬಹುದಿತ್ತು.

ತೆಂಗು ಅಣ್ಣನಿಗೆ ಇದನ್ನೇ ಹೇಳಬೇಕು ಅಂತ ಬಂದೆ. ಹುಳು ಸಾಕುವ ಮನೆಯಲ್ಲಿ ಒಂದು ಬೆಳೆ ರೋಗಕ್ಕೆ ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಸೊಪ್ಪಿಗೆ ಹಾಕಿದ್ದು ಹೋಯಿತು, ಹುಳು ಗೂಡು ಕಟ್ಟುವ ಚಂದ್ರಿಕೆ ಖಾಲಿ, ಸಾಲ ಹಾಗೇ ಇದೆ. ಗಂಟು ರೋಗ ಇಲ್ಲದ ಮೊಟ್ಟೆ ಸಿಕ್ಕರೆ ಅರ್ಧ ಗೆದ್ದ ಹಾಗೆ. ಮೊಟ್ಟೆ ಚೆನ್ನಾಗಿದೆಯಾ ಅಂತ ಹೇಳುವುದು ಸೂಕ್ಷ್ಮದರ್ಶಕ. ಹೊಟ್ಟೆಗಿಲ್ಲದವನಿಗೆ ವಿಜ್ಞಾನ ಏನು ಮಾಡುತ್ತದೆ ಅಂದಿರಿ. ನಮ್ಮ ಮನೆಯಲ್ಲಿ ಅನ್ನ ಹಾಕಿದ್ದು ಅದೇ ಅಣ್ಣ.

ಹಳೇ ಕಡತ

ರೇಷ್ಮೆ ಗೂಡಿನವರೇ, ಇದು ಬಂದದ್ದು ಒಳ್ಳೆಯದಾಯಿತು. ಮೈಸೂರು ಸರ್ಕಾರದ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. "ಟಾಟಾ ಕೊಟ್ಟರು" ಅಂತ ಹೇಳುವಾಗ ನಾವು ನಮ್ಮವರನ್ನೇ ಮರೆಯುತ್ತೇವೆ.

ಬೆಂಗಳೂರಿನ ಆ ಜಾಗ ಟಾಟಾ ಅವರದಲ್ಲ. ಬೆಂಗಳೂರಿನಲ್ಲಿ ಮಾಡುವುದಾದರೆ ಜಾಗ ಕೊಡುತ್ತೇವೆ ಅನ್ನುವ ಮಾತು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲೇ ಬಂತು. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. 1907ರಲ್ಲಿ 371 ಎಕರೆ ಬಿಟ್ಟಿಯಾಗಿ ಸಿಕ್ಕಿತು. ಕಟ್ಟಡಕ್ಕೆ ಅಂತ 5 ಲಕ್ಷ, ವರ್ಷಕ್ಕೆ 50,000 ರೂಪಾಯಿ ಬೇರೆ. ಪ್ಲೇಗ್, ಬರ ಎಲ್ಲ ಕಂಡ ಒಂದು ಸಂಸ್ಥಾನ ಇದು. 1911ರ ಫೆಬ್ರವರಿ 1ರಂದು ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಸೇರಿದರು. ಶುರುವಿನಲ್ಲಿ ರಸಾಯನ ವಿಜ್ಞಾನ ಮತ್ತು ವಿದ್ಯುತ್ ತಂತ್ರಜ್ಞಾನ.

ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್. ನಿಯಾನ್ ಅನಿಲವನ್ನು ರಾಮ್ಸೆ ಜೊತೆ ಸೇರಿ ಕಂಡುಹಿಡಿದವರು ಇವರೇ.

ಆದ್ದರಿಂದ ಮಗನಿಗೆ ಹೇಳುವಾಗ ಹಣ ಬೊಂಬಾಯಿಯದು, ನೆಲ ಮೈಸೂರಿನದು ಅಂತ ಹೇಳಿ ಮೇಡಂ. ಆ ನೆಲದ ಹಣ ಅಂದರೆ ಕಂದಾಯ ಕಟ್ಟಿದ ರೈತರ ಹಣ. ಅವರಿಗೆ ಎಲ್ಲೂ ಪ್ರತಿಮೆ ಇಲ್ಲ.

ಪ್ರಯೋಗಾಲಯದ ಮೂಲೆ

ನಾನು ವಿಜ್ಞಾನ ಓದಿದವಳು. ಎರಡು ವಿಷಯ ಹೇಳಿ ಹೋಗುತ್ತೇನೆ.

1892ರಲ್ಲಿ ಜಮ್‌ಷೆಡ್‌ಜಿ ಹೊರದೇಶದಲ್ಲಿ ಓದುವವರಿಗೆ ಅಂತ ಒಂದು ನಿಧಿ ಮಾಡಿದರು. ಸುಮ್ನೆ ಕೊಡುವ ಹಣ ಅಲ್ಲ, ಸಾಲ. ಓದಿ ಬಂದು ದುಡಿದು ತೀರಿಸಬೇಕು. ತೀರಿಸಿದ ಹಣ ಮುಂದಿನವನಿಗೆ. ಓದುವ ಹುಡುಗನ ತಲೆ ತಗ್ಗುವುದಿಲ್ಲ, ನಿಧಿಯೂ ಬತ್ತುವುದಿಲ್ಲ. ಮೊದಮೊದಲು ಆಯ್ಕೆಯಾದವರಲ್ಲೇ ವೈದ್ಯಕೀಯ ಓದಲು ಹೊರಟ ಹೆಣ್ಣುಮಕ್ಕಳಿದ್ದರು. 1890ರ ದಶಕದಲ್ಲಿ! ಮುಂದೆ ಕೆ. ಆರ್. ನಾರಾಯಣನ್ ಇದೇ ನಿಧಿಯಿಂದ ಲಂಡನ್ನಿಗೆ ಹೋಗಿ ಓದಿದರು, ರಾಷ್ಟ್ರಪತಿಯಾದರು. ನಮ್ಮ ರಾಜಾ ರಾಮಣ್ಣ ಕೂಡ. ತೆಂಗು ಅವರೇ, ರಾಮಣ್ಣ ಹುಟ್ಟಿದ್ದು ನಿಮ್ಮ ತಿಪಟೂರಿನಲ್ಲೇ.

ಎರಡನೆಯದು ನೋವಿನದು. 1933ರಲ್ಲಿ ಕಮಲಾ ಭಾಗವತ್ ಅನ್ನುವ ಹುಡುಗಿ ಬೊಂಬಾಯಿಯಲ್ಲಿ ಚೆನ್ನಾಗಿ ಪಾಸಾಗಿ ಈ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರು ಸಿ. ವಿ. ರಾಮನ್. ಹೆಣ್ಣು ಅನ್ನುವ ಕಾರಣಕ್ಕೆ ಬೇಡ ಅಂದರು. ಆಕೆ ಬಂದು ಎದುರಿಗೆ ನಿಂತು ಕೇಳಿದ ಮೇಲೆ ಒಂದು ವರ್ಷ ಪರೀಕ್ಷೆಯ ಮೇಲೆ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ಬಡವರ ತಟ್ಟೆಯ ವಿಷಯ. ಆಮೇಲೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ತಂದರು. ಮದುವೆಯಾದ ಮೇಲೆ ಕಮಲಾ ಸೊಹೊನಿ ಅಂತ ಎಲ್ಲರಿಗೂ ಗೊತ್ತು.

"ಚುರುಕಾದವರನ್ನು ಮೇಲೆತ್ತಿ" ಅನ್ನುವ ಮಾತಿನಲ್ಲಿ ನನಗೆ ಕಾಣುವ ಬಿರುಕು ಇದು. ಕೊಟ್ಟವರು ಬಾಗಿಲು ತೆರೆದಿಟ್ಟು ಹೋದರು. ಚುರುಕಾದವರು ಯಾರು ಅಂತ ತೀರ್ಮಾನಿಸುವವರು ಬಾಗಿಲಲ್ಲಿ ಕೂತಿದ್ದರು. ಹಣಕ್ಕೆ ಉದ್ದೇಶ ಬರೆದಿಡಬಹುದು, ಕಾಯುವವರ ಮನಸ್ಸನ್ನು ಬರೆದಿಡಲು ಆಗುವುದಿಲ್ಲ.

ತಿಪಟೂರು ತೆಂಗು

ರಾಮಣ್ಣ ನಮ್ಮೂರಲ್ಲಿ ಹುಟ್ಟಿದ್ದು ಗೊತ್ತಿತ್ತು. ಟಾಟಾ ಸಾಲದಲ್ಲಿ ಓದಿದ್ದು ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ಗೂಡಿನ ತಮ್ಮ ಹೇಳಿದ್ದೂ ಮನಸ್ಸಿಗೆ ನಾಟಿತು.

ನಾನು ಯಾಕೆ ಸಿಡುಕಿದೆ ಅಂತ ಹೇಳುತ್ತೇನೆ. ನಾನು ಓದಿದ ಶಾಲೆಗೆ ಒಬ್ಬರು ಸಾಹುಕಾರರು ಕೊಠಡಿ ಕಟ್ಟಿಸಿಕೊಟ್ಟರು. ಕಿಟಕಿಗಿಂತ ದೊಡ್ಡ ಕಲ್ಲಿನಲ್ಲಿ ಹೆಸರು. ಎರಡನೇ ಮಳೆಗಾಲಕ್ಕೆ ಸೋರಿತು. ರಿಪೇರಿಗೆ ಮೇಷ್ಟ್ರು ಹೋಗಿ ಕೇಳಿದರೆ, ಕಟ್ಟಿಸಿದ್ದಾಯಿತಲ್ಲ ಅಂದರಂತೆ. ನಾವು ಮಳೆ ಬಂದಾಗ ಬೆಂಚು ಎಳೆದುಕೊಂಡು ಆ ಕಲ್ಲಿನ ಕೆಳಗೇ ಕೂರುತ್ತಿದ್ದೆವು, ಅಲ್ಲಿ ಮಾತ್ರ ಸೋರುತ್ತಿರಲಿಲ್ಲ. ಅಂದಿನಿಂದ ದಾನ ಅನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ.

ಇವರು ಹೆಸರನ್ನೂ ಬೇಡ ಅಂದರು, ಮುಂದೆ ನಡೆಯುವುದಕ್ಕೂ ದಾರಿ ಮಾಡಿಟ್ಟರು ಅನ್ನುವುದನ್ನು ಒಪ್ಪುತ್ತೇನೆ. ಬರಗಾಲದ ಪ್ರಶ್ನೆಯನ್ನು ಮಾತ್ರ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಎರಡೂ ಬೇಕಿತ್ತು.

ನಾಗಪುರದಲ್ಲಿದ್ದವಳು

ಆ ಪ್ರಶ್ನೆ ಇರಲಿ ಬಿಡಿ, ಇರಬೇಕಾದದ್ದೇ. ಮೇಷ್ಟ್ರೇ, ಪಿಂಚಣಿ ದಾನ ಅಲ್ಲ ಅಂದಿರಿ. ಯೋಚಿಸಿದೆ, ನೀವು ಹೇಳಿದ್ದು ಸರಿ.

ಮಕ್ಕಳ ಬಗ್ಗೆ ಒಂದೆರಡು ಮಾತು ಬಿಟ್ಟುಹೋಗಿದೆ. ದೊರಾಬ್‌ಜಿ ಅವರ ಹೆಂಡತಿ ಮೆಹರ್‌ಬಾಯಿ ಬೆಳೆದದ್ದು ಮೈಸೂರು ಸೀಮೆಯಲ್ಲೇ. ಅವರ ಅಪ್ಪ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದರು. ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ಹೋದರು. ಗಂಡ ಆಕೆಯ ನೆನಪಿಗೆ ಆ ರೋಗದ ಸಂಶೋಧನೆಗೆ ಅಂತಲೇ ಒಂದು ಟ್ರಸ್ಟ್‌ಗೆ ಹಣ ಇಟ್ಟು, ಮರುವರ್ಷವೇ ತಾವೂ ತೀರಿಕೊಂಡರು. ಬೊಂಬಾಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಬಂತು. ನಮ್ಮ ಮನೆಯವರೊಬ್ಬರಿಗೆ ಅಲ್ಲಿ ಚಿಕಿತ್ಸೆ ಆಯಿತು. ಆ ವರಾಂಡದಲ್ಲಿ ಎಲ್ಲೆಲ್ಲಿಂದಲೋ ಬಂದ ಬಡವರು ಚೀಲ ತಲೆಗಿಟ್ಟುಕೊಂಡು ಮಲಗಿದ್ದನ್ನು ನೋಡಿದ್ದೇನೆ. ತೆಂಗು ಅವರೇ, ನೀವು ಕೇಳಿದ ಬಲಹೀನರು ಅಲ್ಲಿದ್ದರು.

ಇನ್ನೊಂದು ಸಂತೋಷದ್ದು. 1920ರ ಒಲಿಂಪಿಕ್ಸ್‌ಗೆ ತಂಡ ಕಳಿಸಲು ದೊರಾಬ್‌ಜಿ ಹಣ ಕೊಟ್ಟರು. ಅದರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಆಂಟ್ವರ್ಪ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು.

ಬಸ್ಸಿನ ಕಿಟಕಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನೆನ್ನೆ ರಾತ್ರಿ ಎಲ್ಲವನ್ನೂ ಓದಿಕೊಂಡು ಇವತ್ತು ಬಸ್ಸಿನಲ್ಲಿ ಮಗನಿಗೆ ಹೇಳಿದೆ. ಅಫೀಮಿನ ಮಾತನ್ನೂ ಬಿಡಲಿಲ್ಲ ಮೇಷ್ಟ್ರೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಒಂದೇ: "ಹಾಗಾದ್ರೆ ಅವರು ಇದನ್ನ ನೋಡಲೇ ಇಲ್ವಾ?"

ಇಲ್ಲ ಅಂದೆ. ಜಾಗ ಸಿಕ್ಕಿದ್ದು ಅವರು ಹೋಗಿ ಮೂರು ವರ್ಷಕ್ಕೆ, ಮಕ್ಕಳು ಓದಲು ಬಂದದ್ದು ಏಳು ವರ್ಷಕ್ಕೆ ಅಂತ ಹೇಳಿದೆ. ಅಷ್ಟರಲ್ಲಿ ಕಂಡಕ್ಟರ್ ಕೂಗಿದರು. ನಮ್ಮ ಸ್ಟಾಪ್ ಇನ್ನೂ ಮುಂದೆ. ಒಳಗೆ ಅವರ ಪ್ರತಿಮೆ ಇದೆಯಂತೆ, ಶನಿವಾರ ಕರೆದುಕೊಂಡು ಹೋಗು ಅಂತ ಮಗ ಹಟ ಹಿಡಿದಿದ್ದಾನೆ. ಹೊರಗಿನವರನ್ನು ಒಳಗೆ ಬಿಡುತ್ತಾರಾ? ಗೊತ್ತಿದ್ದವರು ತಿಳಿಸಿ.

ಪ್ರಯೋಗಾಲಯದ ಮೂಲೆ

ಪ್ರತಿಮೆ ಇರುವುದು ಗೋಪುರದ ಮುಖ್ಯ ಕಟ್ಟಡದ ಎದುರಿಗೆ. ಹೊರಡುವ ಮೊದಲು ಗೇಟಿನಲ್ಲಿ ಒಂದು ಮಾತು ಕೇಳಿಕೊಳ್ಳಿ. ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುವ ದಿನ ಇರುತ್ತದೆ, ಆಗಂತೂ ತಪ್ಪದೆ ಬನ್ನಿ. ಪ್ರಯೋಗಾಲಯಗಳ ಒಳಗೇ ಹೋಗಿ ನೋಡಬಹುದು. ಮಗನಿಗೆ ಪ್ರತಿಮೆಗಿಂತ ಅದು ಜಾಸ್ತಿ ಇಷ್ಟವಾಗುತ್ತದೆ.